ಮೊದಲ ಹೆಜ್ಜೆಯನಿಟ್ಟ ಪಾದ

"ಅಷ್ಟೊಂದು ನಾಯಿಗಳಿಗೆ ದಿನಾ ಊಟ ಹಾಕಿದ್ದು ಯಾರು?"

ಜೋರಾಗಿಯೇ ಕೇಳಿದೆ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಲ್ಯಾಬಿನ ಕೋಲ್ಡ್ ರೂಮು ಅದು. ಗೋಡೆಯುದ್ದಕ್ಕೂ ಗಾಜಿನ ಸೀಸೆಗಳು, ತಲೆಯ ಮೇಲೆ ಗುಂಯ್ ಎನ್ನುವ ಫ್ಯಾನು, ಬಾಯಿ ತೆರೆದರೆ ಹೊರಡುವ ಹಬೆ. ಹಿಂದಿನ ಸಂಜೆ ಮಗಳು ಅಕ್ಷಯಾಳ ಸ್ಕೂಲು ಪುಸ್ತಕದಲ್ಲಿ ಉತ್ತರ ಧ್ರುವದ ಪಾಠವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ. ಪಿಯರಿ ಎಂಬ ದೊರೆ ಹೋದ, ಬಾವುಟ ನೆಟ್ಟ, ಬಂದ. ನೂರಕ್ಕೂ ಹೆಚ್ಚು ನಾಯಿಗಳಿದ್ದವಂತೆ. ಊರಿನಲ್ಲಿ ಎರಡು ಎಮ್ಮೆ ಸಾಕಿದವಳು ನಾನು. ನೂರು ನಾಯಿಯ ಹೊಟ್ಟೆ ಎಂದರೇನು ಎಂದು ನನಗೆ ಗೊತ್ತು. ಆ ಕೆಲಸ ದೊರೆ ಮಾಡಿರಲಾರ.

ಅದು ೧೯೯೯ರ ಫೆಬ್ರವರಿ. ನಾನು ಆ ಲ್ಯಾಬಿನಲ್ಲಿ ಗಾಜು ತೊಳೆಯುವವಳು. ವಿಜ್ಞಾನಿಗಳು ಬಳಸಿ ಇಟ್ಟ ಫ್ಲಾಸ್ಕುಗಳನ್ನು ತೊಳೆದು, ಬೇಯಿಸಿ, ಒಣಗಿಸಿ, ಮತ್ತೆ ಅವರ ಕೈಗೆ ಮುಟ್ಟಿಸುವುದು. ಅವರಿಗೆ ಏನಾದರೂ ಸಿಕ್ಕಿದ ದಿನ ಕೇಕು ಕತ್ತರಿಸುತ್ತಿದ್ದರು. ನಮಗೂ ಒಂದು ತುಂಡು ಬರುತ್ತಿತ್ತು.

ನನ್ನ ಮೇಲಿನವನು ಒಡೆಲ್. ಅರವತ್ತೊಂದು ವರ್ಷ, ರಿಚ್ಮಂಡಿನವನು, ಕರಿಯ. ಫೆಬ್ರವರಿ ಎಂದರೆ ಈ ದೇಶದಲ್ಲಿ ಕರಿಯರ ಚರಿತ್ರೆಯನ್ನು ನೆನೆಯುವ ತಿಂಗಳು; ಊಟದ ಕೋಣೆಯ ಗೋಡೆಗೆ ಅವನು ಒಂದು ಚಿತ್ರ ಅಂಟಿಸಿದ್ದ. ತುಪ್ಪಳದ ಟೋಪಿಯೊಳಗೆ ಒಂದು ಕಪ್ಪು ಮುಖ, ಚಳಿಗೆ ಕಿರಿದಾದ ಕಣ್ಣು. ನನ್ನ ಪ್ರಶ್ನೆಯನ್ನು ಅವನ ಮುಂದೆಯೂ ಇಟ್ಟೆ.

"ಇವನು," ಎಂದು ಒಡೆಲ್ ಗೋಡೆಯ ಕಡೆ ಚಮಚ ತೋರಿಸಿದ. "ಮ್ಯಾಥ್ಯೂ ಹೆನ್ಸನ್. ನಾಯಿಗೆ ಊಟ ಹಾಕಿದ್ದು ಇವನು, ಬಂಡಿ ಕಟ್ಟಿದ್ದು ಇವನು, ಅಲ್ಲಿನ ಜನರ ಭಾಷೆ ಕಲಿತಿದ್ದು ಇವನು. ದೊರೆಗೆ ಕಾಲ್ಬೆರಳೇ ಇರಲಿಲ್ಲ, ಚಳಿ ತಿಂದುಬಿಟ್ಟಿತ್ತು."

"ಮತ್ತೆ ಪುಸ್ತಕದಲ್ಲಿ ಇಲ್ಲವಲ್ಲ?"

ಒಡೆಲ್ ನಕ್ಕ. "ಮೇರಿ, ನೀನು ಈ ದೇಶಕ್ಕೆ ಬಂದು ಎಷ್ಟು ವರ್ಷ ಆಯ್ತು ಅಂದೆ?"

ಮರಿತಾಯಮ್ಮ ಎನ್ನುವುದು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ, ಮೇರಿ ಎನ್ನುತ್ತಿದ್ದ. ಅವನ ಅಪ್ಪ ರೈಲಿನಲ್ಲಿ ಹಾಸಿಗೆ ಹಾಸುವ ಪೋರ್ಟರ್ ಆಗಿದ್ದನಂತೆ. ಅಪ್ಪನಿಂದ ಕೇಳಿದ ಕಥೆಯನ್ನು ಒಡೆಲ್ ದಿನಕ್ಕೆ ಅರ್ಧ ಗಂಟೆಯಂತೆ ಊಟದ ಹೊತ್ತಿನಲ್ಲಿ ನನಗೆ ಹೇಳಿದ. ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನನ್ನು ದೊರೆ ತನ್ನ ಆಳಾಗಿ ಕರೆದೊಯ್ದದ್ದು, ಇಪ್ಪತ್ತೆರಡು ವರ್ಷದ ಜೊತೆ, ಕೊನೆಯ ಓಟಕ್ಕೆ ಆರಿಸಿದ ಆರು ಮಂದಿ: ದೊರೆ, ಹೆನ್ಸನ್, ಆ ನೆಲದ ನಾಲ್ವರು. ಊಟಾ, ಎಗಿಂಗ್ವಾ, ಸೀಗ್ಲೂ, ಊಕೆಯಾ. ಮುಂದೆ ದಾರಿ ಮಾಡಿಕೊಂಡು ಹೋದ ಹೆನ್ಸನ್ ಧ್ರುವದ ಗುರುತನ್ನೇ ದಾಟಿ ಹೋಗಿದ್ದನಂತೆ. ಹಿಂದೆ ಬಂದ ದೊರೆಗೆ ಮೊದಲು ಕಂಡದ್ದು ಹೆನ್ಸನ್ನನ ಹೆಜ್ಜೆ. ಹಾಗೆಂದು ಹೆನ್ಸನ್ನನೇ ಹೇಳಿದ್ದಾನಂತೆ. ಮರಳುವ ದಾರಿಯಲ್ಲಿ ದೊರೆ ಅವನೊಡನೆ ಮಾತು ಬಿಟ್ಟ.

ಈ ಕಥೆ ನನ್ನ ಕಿವಿಯೊಳಗೆ ಇಂಗ್ಲಿಷಾಗಿ ಉಳಿಯಲಿಲ್ಲ.

ನಾಗಮಂಗಲದ ಹತ್ತಿರದ ನಮ್ಮೂರಿನಲ್ಲಿ ದೇವಸ್ಥಾನದ ಮುಂದೆ ಒಂದು ಹಜಾರವಿತ್ತು. ಕಾರ್ತೀಕ ಮಾಸದಲ್ಲಿ ಅಲ್ಲಿ ಗಮಕ ನಡೆಯುತ್ತಿತ್ತು. ಒಬ್ಬರು ಪದ್ಯ ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ನಮ್ಮ ಕೇರಿಯವರು ಹಜಾರ ಹತ್ತುವಂತಿರಲಿಲ್ಲ. ರಸ್ತೆಯಾಚೆ ಹೊಂಗೆ ಮರದ ಬುಡದಲ್ಲಿ ಗೋಣಿ ಹಾಸಿ ಅಮ್ಮನ ತೊಡೆಯ ಮೇಲೆ ಕೂತು ಕೇಳಿದೆ, ಒಂಬತ್ತು ಕಾರ್ತೀಕ. ಅಷ್ಟು ದೂರಕ್ಕೆ ಅರ್ಥ ಹೇಳುವವರ ಮಾತು ತಲುಪುತ್ತಿರಲಿಲ್ಲ. ಹಾಡು ಮಾತ್ರ ತಲುಪುತ್ತಿತ್ತು. ಆರು ಸಾಲಿನ ಆ ನಡಿಗೆ ನನ್ನ ಮೈಗೆ ಹತ್ತಿದ್ದು ಹಾಗೆ. ಬೆಳಗ್ಗೆ ದೀಪ ಹಚ್ಚಿ ಎರಡು ಪದ್ಯ ಹೇಳದೆ ಇಂದಿಗೂ ನಾನು ನೀರು ಕುಡಿಯುವುದಿಲ್ಲ. ನನ್ನ ಪೂಜೆ ಎಂದರೆ ಅಷ್ಟೇ.

ಮಾರ್ಚಿನ ಒಂದು ದಿನ, ಸಿಂಕಿನ ಮುಂದೆ, ಕೈ ನೊರೆಯಲ್ಲಿರುವಾಗ ಮೊದಲ ಪದ್ಯ ಬಂತು.

ಹಿಮದ ಹಾಸಿನ ಮೇಲೆ ಹಗಲಿರು-
ಳಮಿತ ಚಳಿಯಲಿ ನಾಯ ಬಂಡಿಯ
ಕ್ರಮದಿ ನಡೆಸಿದ ಕೈಯ ಹೆಸರನು ಕೇಳಿದವರಾರು
ನಮಗೆ ಗೊತ್ತಿಹುದೊಂದೆ ನಾಯಕ-
ನಮಲ ಹೆಸರದು ಕಲ್ಲ ಮೇಲಿದೆ
ಹಿಮವೆ ಬಲ್ಲುದು ಮೊದಲ ಹೆಜ್ಜೆಯನಿಟ್ಟ ಪಾದವನು

ಬಂದ ಪದ್ಯವನ್ನು ಮರುದಿನ ದೇವರ ಮುಂದೆ ಹಾಡಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ನೂರಾ ಎಂಟಾಯಿತು. ಒಂದನ್ನೂ ಬರೆದಿಡಲಿಲ್ಲ. ಹಾಡಿದ್ದನ್ನು ಬರೆದಿಡಬೇಕು ಎಂದು ನಮ್ಮಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ ಲಿವರ್‌ಮೋರ್ ದೇವಸ್ಥಾನದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಒಬ್ಬರು ತಟ್ಟೆ ಹಿಡಿದು ನಿಂತಿದ್ದರು. ಶೇಷಾದ್ರಿ. ಬೇ ಏರಿಯಾದ ಕನ್ನಡದವರಿಗೆಲ್ಲ ಗೊತ್ತಿದ್ದವರು. ವಾರವೆಲ್ಲ ಯಾವುದೋ ಡಾಟ್‌ಕಾಮ್ ಕಂಪನಿಯ ಡೈರೆಕ್ಟರು. ಭಾನುವಾರ ಎಲ್ಲಿ ಗಮಕವಿದ್ದರೂ ಅರ್ಥ ಹೇಳುವುದು ಅವರೇ. ಪುಸ್ತಕ ನೋಡದೆ ಅರ್ಥ ಹೇಳುವುದು ಅವರ ಹೆಚ್ಚುಗಾರಿಕೆ.

"ಇದು ಯಾರ ಕಾವ್ಯ ಅಮ್ಮಾ?"

"ಯಾರದೂ ಅಲ್ಲ ಸಾರ್. ನಂದೇ."

"ನಿಮ್ದಾ?" ತಟ್ಟೆಯ ಸಾರು ಸ್ವಲ್ಪ ಚೆಲ್ಲಿತು. "ಮಾತ್ರೆ ಎಲ್ಲ ಕರೆಕ್ಟಾಗಿದೆಯಲ್ರೀ! ಹೇಗೆ ಎಣಿಸ್ತೀರಿ?"

"ಎಣಿಸೋಕೆ ಬರಲ್ಲ. ತಪ್ಪಿದ್ರೆ ಕಿವಿ ನೋಯುತ್ತೆ."

"ಯಾವ ಊರು?" ಎಂದರು. ನಾಗಮಂಗಲದ ಕಡೆ ಎಂದೆ. "ನಾಗಮಂಗಲದಲ್ಲಿ ಎಲ್ಲಿ? ಯಾವ ಬೀದಿ?"

ಬೀದಿ ಕೇಳಿದವರಲ್ಲಿ ಅವರು ಮೊದಲಿನವರಲ್ಲ. ಹೇಳಿದೆ. ಅವರು "ಓ" ಎಂದರು. ಆಮೇಲೆ ಬಹಳ ಮೃದುವಾದರು.

ಅಲ್ಲಿಂದ ಫೆಬ್ರವರಿಯವರೆಗೆ ಶನಿವಾರ ಶನಿವಾರ ಡ್ಯಾನ್‌ವಿಲ್‌ನ ಅವರ ಮನೆಗೆ ಹೋದೆ. ನನ್ನ ಗಂಡ ಜಯರಾಮ್ ಬ್ಯಾಂಕೊಂದರ ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿಯ ಗಂಡಾಂತರ ತಪ್ಪಿಸುವ ಕೆಲಸದಲ್ಲಿ ಶನಿವಾರವೂ ಮನೆಯಲ್ಲಿರುತ್ತಿರಲಿಲ್ಲ. ಶೇಷಾದ್ರಿಯವರೇ ಬಾರ್ಟ್ ರೈಲಿನ ಸ್ಟೇಷನ್ನಿಗೆ ಕಾರು ತರುತ್ತಿದ್ದರು. ಮಹಡಿಯ ಕೋಣೆಯಲ್ಲಿ ನಾನು ಹಾಡುವುದು, ಅವರು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಕುಟ್ಟುವುದು. ಅವರ ಹೆಂಡತಿ ಮೈಥಿಲಿ ಬಾಗಿಲು ತಟ್ಟಿ ಕಾಫಿ ತಂದಿಡುತ್ತಿದ್ದರು. ಬಹಳ ಒಳ್ಳೆಯ ಕಾಫಿ.

"ಬರೆದಿಟ್ರೆ ಉಳಿಯುತ್ತಮ್ಮ. ಇಲ್ದಿದ್ರೆ ನಿಮ್ ಜೊತೆಗೇ ಹೋಗಿಬಿಡುತ್ತೆ," ಎನ್ನುತ್ತಿದ್ದರು. ನೂರಾ ಎಂಟನೆಯ ಪದ್ಯದಲ್ಲಿ ಆರು ಮಂದಿ ಹಿಮದ ತುದಿ ಮುಟ್ಟುತ್ತಾರೆ. ಅದಾದ ಮೇಲೆ ಹೆನ್ಸನ್ ಮರಳಿ ಬಂದ ಭಾಗ ಆ ಚಳಿಗಾಲದಲ್ಲಿ ನನ್ನೊಳಗೆ ಕೂಡಿಬರುತ್ತಿತ್ತು; ಮೂವತ್ತು ಪದ್ಯದಷ್ಟು. ಅದನ್ನು ಹೇಳುವ ಮೊದಲೇ ಶೇಷಾದ್ರಿಯವರು, "ಇಷ್ಟು ಸಾಕು, ತುದಿ ಮುಟ್ಟಿದ ಮೇಲೆ ಕಥೆ ಏನಿದೆ?" ಎಂದು ಕಂಪ್ಯೂಟರು ಮುಚ್ಚಿದರು.

ಮಾರ್ಚಿನಲ್ಲಿ ಬೆಂಗಳೂರಿನಿಂದ ಪುಸ್ತಕ ಅಚ್ಚಾಗಿ ಬಂತು. ಹೊದಿಕೆಯ ಮೇಲೆ ಹಿಮ, ಬಾವುಟ, ದೊಡ್ಡ ಅಕ್ಷರದಲ್ಲಿ ಅವರ ಹೆಸರು. ಕನ್ನಡದ ಅಚ್ಚನ್ನು ನಾನು ಸರಾಗವಾಗಿಯೇ ಓದುತ್ತೇನೆ. ಮಹಡಿಯ ಕೋಣೆಯಲ್ಲಿ ನಿಂತೇ ಹಾಳೆ ತಿರುವಿದೆ.

"ನನ್ನ ಹೆಸರೆಲ್ಲಿದೆ ಸಾರ್?"

"ಒಳಗಿದೆಯಲ್ಲಮ್ಮ. ಆರನೇ ಪೇಜು ನೋಡಿ."

ಆರನೆಯ ಪುಟದಲ್ಲಿ, ಕಾಗದ ಕೊಟ್ಟವರು, ಹೊದಿಕೆ ಬರೆದವರು ಎಲ್ಲರ ಕೆಳಗೆ: ವಾಚನ ಸಹಾಯ, ಶ್ರೀಮತಿ ಮರಿತಾಯಮ್ಮ.

"ಸಹಾಯ?"

"ನೋಡಿ, ಬರೆದದ್ದು ಯಾರು? ಟೈಪ್ ಮಾಡಿದ್ದು, ತಿದ್ದಿದ್ದು, ಪ್ರೂಫ್ ನೋಡಿದ್ದು, ಪಬ್ಲಿಷರ್ ಹತ್ರ ಮಾತಾಡಿದ್ದು? ಕಾವ್ಯ ಅಂದ್ರೆ ಅದೊಂದು ಇಡೀ ಪ್ರಾಸೆಸ್ಸು. ನಿಮ್ಗೆ ಹೆಸರು ಯಾಕಮ್ಮ, ನೀವು ದೇವರ ಮುಂದೆ ಹಾಡೋರು. ಹೆಸರು ಗಿಸರು ನಮ್ಮಂಥ ಸಂಸಾರಿಗಳ ತಲೆನೋವು."

ನಾನು ಮೊದಲ ಪದ್ಯ ತೆಗೆದೆ. ಕೊನೆಯ ಸಾಲು ನನ್ನದಾಗಿರಲಿಲ್ಲ. ‘ಹಿಮವೆ ಬಲ್ಲುದು ಧೀರನಾಯಕನಿಟ್ಟ ಪಾದವನು’ ಎಂದಿತ್ತು. ಮುಂದೆ ನೋಡಿದೆ. ಹೆನ್ಸನ್ ಇದ್ದಲ್ಲೆಲ್ಲ ‘ಸೇವಕ’ ಎಂದಿತ್ತು. ಆ ನೆಲದ ನಾಲ್ವರ ಹೆಸರಿನ ಪದ್ಯ ಇರಲೇ ಇಲ್ಲ. ಆ ಜಾಗದಲ್ಲಿ ಸೂರ್ಯೋದಯದ ವರ್ಣನೆ ಇತ್ತು.

"ಹೆಜ್ಜೆ ಸಾರ್. ಹೆಜ್ಜೆ ಯಾರದು ಅಂತ ಬದಲಾಯಿಸಿಬಿಟ್ಟಿದ್ದೀರಿ."

"ಮಾತ್ರೆ ಕೆಟ್ಟಿಲ್ಲ ನೋಡಿ! ಒಂದೂ ಕೆಟ್ಟಿಲ್ಲ." ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಕಾವ್ಯಕ್ಕೆ ಒಬ್ಬ ನಾಯಕ ಬೇಕಮ್ಮ. ಆಳು ನಾಯಕ ಆಗೋಕಾಗುತ್ತಾ? ಓದೋರು ನಗ್ತಾರೆ."

ಮೈಥಿಲಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡರು ಎಂದು ಕಾಣುತ್ತದೆ. ನನ್ನ ಮುಖ ನೋಡದೆ ಲೋಟ ಇಟ್ಟು ಹೊರಟುಹೋದರು.

"ಯುಗಾದಿ ಪ್ರೋಗ್ರಾಮಲ್ಲಿ ರಿಲೀಸು," ಎಂದರು ಶೇಷಾದ್ರಿ. "ನೀವು ಹಾಡಬೇಕು, ನಾನು ಅರ್ಥ ಹೇಳ್ತೀನಿ. ನೀವಿಲ್ದೆ ಆಗೋದೇ ಇಲ್ಲ. ಬರ್ತೀರಲ್ಲ?"

"ಬರ್ತೀನಿ ಸಾರ್," ಎಂದೆ. ಕಾಫಿ ಕುಡಿಯಲಿಲ್ಲ.

ಸೋಮವಾರ ಒಡೆಲ್‌ಗೆ ಹೇಳಿದಾಗ ಅವನು ಅಗಿಯುವುದನ್ನು ನಿಲ್ಲಿಸಿದ.

"ಸೇವಕ ಅಂತ ಹಾಕಿದಾನಾ?"

"ಹೂಂ."

"ಎಷ್ಟು ಕಡೆ?"

"ಎಲ್ಲ ಕಡೆ."

ಅವನು ಗೋಡೆಯ ಚಿತ್ರವನ್ನು ನೋಡಿದ. ಫೆಬ್ರವರಿ ಕಳೆದು ಇನ್ನೊಂದು ಫೆಬ್ರವರಿ ಆಗಿದ್ದರೂ ಅದನ್ನು ತೆಗೆದಿರಲಿಲ್ಲ. "ವಕೀಲನನ್ನ ಹಿಡಿ ಮೇರಿ."

"ಪುರಾವೆ ಇಲ್ಲ. ಎಲ್ಲ ಅವನ ಕಂಪ್ಯೂಟರಲ್ಲೇ ಇದೆ."

"ಎಲ್ಲ?"

"ಎಲ್ಲ ಇಲ್ಲ," ಎಂದೆ. ನನಗೆ ನಗು ಬಂತು. ಒಳ್ಳೆಯ ನಗುವಲ್ಲ.

ಯುಗಾದಿಗೆ ಇನ್ನೂ ಇಪ್ಪತ್ತೊಂದು ದಿನವಿತ್ತು. ಪ್ರತಿ ಬೆಳಗ್ಗೆ ದೀಪ ಹಚ್ಚಿ, ಹಿಂದೆಂದೂ ಕೇಳದ ಒಂದು ವರವನ್ನು ಕೇಳಿದೆ. ಮಗಳಿಗೆ ಒಳ್ಳೆಯದಾಗಲಿ ಎಂದು ಕೇಳುತ್ತಿದ್ದ ಜಾಗದಲ್ಲಿ, ಆ ಮನುಷ್ಯನ ನಾಲಿಗೆ ನಾನು ತಿರುಗಿಸಿದ ಕಡೆಗೆ ತಿರುಗಲಿ ಎಂದು ಕೇಳಿದೆ. ತಪ್ಪೆಂದು ಗೊತ್ತಿತ್ತು. ತುಪ್ಪದ ದೀಪವನ್ನೇ ಹಚ್ಚಿದೆ.

ನನಗೆ ಒಂದೇ ಒಂದು ಧೈರ್ಯ, ಗಮಕದ ಕಟ್ಟಳೆ. ಹಾಡುವವರು ಏನು ಹಾಡುತ್ತಾರೋ ಅರ್ಥ ಹೇಳುವವರು ಅದಕ್ಕೆ ಅರ್ಥ ಹೇಳಬೇಕು. ಇದನ್ನೇಕೆ ಹಾಡಿದಿರಿ ಎಂದು ಕೇಳುವಂತಿಲ್ಲ, ಬಿಟ್ಟು ಮುಂದೆ ಹೋಗುವಂತಿಲ್ಲ. ಅರ್ಥ ಹೇಳುವವರು ಸುಮ್ಮನಿದ್ದರೆ ಹಾಡುವವರು ಅದೇ ಪದ್ಯವನ್ನು ಮತ್ತೆ ಹಾಡಬಹುದು. ಹೊಂಗೆ ಮರದ ಬುಡದಲ್ಲಿ ಕೂತು ನಾನು ಕಲಿತ ಕಟ್ಟಳೆ ಇದು. ಪುಸ್ತಕ ನೋಡದೆ ಇಪ್ಪತ್ತು ವರ್ಷ ಅರ್ಥ ಹೇಳಿದವರಿಗೆ ಕಣ್ಣಿಗಿಂತ ಕಿವಿಯೇ ಮುಂದು. ನಾನು ಹಾಡಿದ್ದರ ಹಿಂದೆ ಅವರ ಬಾಯಿ ತಾನಾಗಿಯೇ ಹೊರಡುತ್ತದೆ ಎಂದು ಶನಿವಾರಗಳಲ್ಲಿ ನೋಡಿದ್ದೆ.

ಯುಗಾದಿಯ ಶನಿವಾರ ಸನ್ನಿವೇಲಿನ ಸಭಾಂಗಣದಲ್ಲಿ ಮುನ್ನೂರು ಜನ. ಬಾಗಿಲಲ್ಲಿ ಬೇವು ಬೆಲ್ಲ, ಪಕ್ಕದ ಮೇಜಿನ ಮೇಲೆ ಪುಸ್ತಕದ ರಾಶಿ. ಬಹಳ ಮಂದಿಯ ಕೈಯಲ್ಲಿ ಪುಸ್ತಕವಿತ್ತು. ಮುಂದಿನ ಸಾಲಿನಲ್ಲಿ ಬಾಗಲಕೋಟೆಯ ಕಡೆಯ ಬಂಗಾರೆವ್ವ ಎಂಬ ಅಜ್ಜಿ ಇಳಕಲ್ ಸೀರೆ ಹೊದ್ದು ಕೂತಿದ್ದರು. ಮಗನ ಮನೆಗೆ ಬಂದವರು, ಯಾವ ಕಾರ್ಯಕ್ರಮವನ್ನೂ ಬಿಟ್ಟವರಲ್ಲ. ಜಯರಾಮ್ ಮತ್ತು ಅಕ್ಷಯಾ ಹಿಂದೆ ಎಲ್ಲೋ ಕೂತಿದ್ದರು. ಅವರಿಗೆ ನಾನು ಏನೂ ಹೇಳಿರಲಿಲ್ಲ.

ನನ್ನ ಮುಂದಿನ ಪೀಠದ ಮೇಲೆ ಪುಸ್ತಕ ಇಟ್ಟಿದ್ದರು. ನಾನು ಅದನ್ನು ಮುಚ್ಚಿದೆ. ಕಣ್ಣು ಮುಚ್ಚಿ ಮೊದಲ ಪದ್ಯ ಹಾಡಿದೆ, ನನ್ನದನ್ನು. ಮೊದಲ ಹೆಜ್ಜೆಯನಿಟ್ಟ ಪಾದವನು.

ಶೇಷಾದ್ರಿ ಮೈಕಿನ ಕಡೆ ಬಾಗಿದರು. ಬಾಯಿ ಹೊರಟಿತು. "ಆಹಾ! ಕವಿ ಎಂಥ ಮಾತು ಹೇಳ್ತಾನೆ ನೋಡಿ. ನಾಯಕನ ಹೆಸರು ಕಲ್ಲಿನ ಮೇಲಿದೆ, ಕಲ್ಲು ಎಲ್ಲರಿಗೂ ಕಾಣುತ್ತೆ. ಆದ್ರೆ ಮೊದಲು ಹೆಜ್ಜೆ ಇಟ್ಟೋನು ಯಾರು ಅಂತ ಹಿಮಕ್ಕೆ ಮಾತ್ರ ಗೊತ್ತು. ಅಂದ್ರೆ ಹಿಂದೆ ಇದ್ದೋನು ಅಂತ ನಾವು ತಿಳ್ಕೊಂಡಿರೋನೇ ನಿಜವಾಗಿ ಮುಂದಿದ್ದೋನು..." ಅಲ್ಲಿ ನಿಂತರು.

ಮೂರನೆಯ ಸಾಲಿನಲ್ಲಿ ಒಬ್ಬರು ಪುಸ್ತಕ ತೆರೆದು ಪಕ್ಕದವರಿಗೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಬೇರೆ ಇದೆಯಲ್ರೀ."

ನಾನು ಕಾಯಲಿಲ್ಲ. ನಾಲ್ವರ ಹೆಸರಿನ ಪದ್ಯ ಹಾಡಿದೆ. ಶೇಷಾದ್ರಿ ಅದಕ್ಕೂ ಅರ್ಥ ಹೇಳಿದರು, ಸ್ವಲ್ಪ ತಗ್ಗಿದ ದನಿಯಲ್ಲಿ. ಸಭೆಯಲ್ಲಿ ಹಾಳೆ ತಿರುವುವ ಸದ್ದು ಹೆಚ್ಚಿತು. ಆಮೇಲೆ ನಾನು ಅವರು ಎಂದೂ ಕೇಳದ ಭಾಗಕ್ಕೆ ಬಂದೆ. ಮರಳಿ ಬರುವ ದಾರಿಯಲ್ಲಿ ದೊರೆ ಹೆನ್ಸನ್ನನ ಮುಖ ನೋಡದೆ ಹಡಗಿನ ತನ್ನ ಕೋಣೆಯ ಬಾಗಿಲು ಹಾಕಿಕೊಂಡ ಪದ್ಯ. ಊರಿಗೆ ಬಂದ ಮೇಲೆ ದೊರೆಗೆ ಪದಕ, ಇವನಿಗೆ ನ್ಯೂಯಾರ್ಕಿನಲ್ಲಿ ಗುಮಾಸ್ತೆಯ ಕುರ್ಚಿ ಎಂಬ ಪದ್ಯ. ಒಂದು ಹಾಡಿ ನಿಲ್ಲಿಸುತ್ತಿದ್ದೆ, ಅವರು ಅರ್ಥ ಹೇಳುತ್ತಿದ್ದರು.

"ಇಪ್ಪತ್ತೆರಡು ವರ್ಷ ಜೊತೇಲಿದ್ದೋನ ಜೊತೆ ನಾಯಕ ಯಾಕೆ ಮಾತು ಬಿಟ್ಟ?" ಎಂದು ಅವರು ಸಭೆಯನ್ನು ಕೇಳಿದರು. ಎಲ್ಲ ಪದ್ಯಕ್ಕೂ ಹೀಗೆ ಒಂದು ಪ್ರಶ್ನೆ ಎತ್ತಿ ಬಿಡುವುದು ಅವರ ರೂಢಿ. "ಕವಿ ಅದನ್ನ ಹೇಳಲ್ಲ. ಕವಿಯ ಮನಸ್ಸಿನಲ್ಲಿ ಏನಿತ್ತೋ, ಅದು ನಮಗೆ ತಿಳಿಯೋದಿಲ್ಲ."

"ಯಾಕ್ ತಿಳಿಯೂದಿಲ್ರೀ?" ಮುಂದಿನ ಸಾಲಿನಿಂದ ಬಂಗಾರೆವ್ವನ ದನಿ. ಅಜ್ಜಿಗೆ ಮೈಕು ಬೇಕಿರಲಿಲ್ಲ. "ಕವಿ ನೀವಽ ಅಲ್ಲೇನ್ರೀ? ಪುಸ್ತಕದ ಮ್ಯಾಲ ನಿಮ್ಮ ಹೆಸರೈತಿ. ನಿಮ್ಮ ಮನಸಿನ್ಯಾಗ ಏನಿತ್ತು ನಿಮಗಽ ಗೊತ್ತಿಲ್ಲೇನು?"

ಹಿಂದಿನಿಂದ ಒಬ್ಬರು ನಕ್ಕರು. ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು. ಇಪ್ಪತ್ತು ವರ್ಷ ‘ಕವಿ ಹೇಳ್ತಾನೆ, ಕವಿ ಹೇಳ್ತಾನೆ’ ಎಂದು ಬೇರೆಯವರ ಪದ್ಯಕ್ಕೆ ಅರ್ಥ ಹೇಳಿದ ಬಾಯಿ ಅದು. ಕವಿ ತಾನೇ ಆದ ದಿನ ಅದಕ್ಕೆ ಬೇರೆ ಮಾತು ಬಂದಿರಲಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಮ್ಮ ಬದುಕಿದ್ದು ಅಲ್ಲಿ ಕೂತಿದ್ದರೆ, ಸಾಕು ಬಿಡು ಮಗ ಎನ್ನುತ್ತಿದ್ದಳೇನೋ. ನಾನು ತಂಬೂರಿಯ ಶ್ರುತಿಯನ್ನು ಒಮ್ಮೆ ಕೇಳಿಕೊಂಡು, ಆ ಇಪ್ಪತ್ತೊಂದು ದಿನದಲ್ಲಿ ಕಟ್ಟಿದ್ದನ್ನು ತೆಗೆದೆ.

ಶನಿಯ ವಾರದ ಸಂಜೆ ಹಾಡಿದೆ
ಮನೆಯ ಮಹಡಿಯ ಕೋಣೆಯೊಳಗವ-
ನೆನಗೆ ಕಾಫಿಯ ಕೊಟ್ಟು ಬರೆದನು ಪದ್ಯ ನೂರೆಂಟ
ಮನದಿ ಹುಟ್ಟಿದ ಪದಕೆ ತನ್ನಯ
ಮಿನುಗು ಹೆಸರಿನ ಬೀಗ ಜಡಿದನು
ಜನರೆ ಕೇಳಿರಿ ಯಾರದೀ ಕಥೆ ಯಾರ ಹೆಸರಿಹುದು

ಹಾಡಿ ನಿಲ್ಲಿಸಿ ಅವರ ಕಡೆ ನೋಡಿದೆ. ಕಟ್ಟಳೆಯಂತೆ.

ಅವರು ನೀರು ಕುಡಿದರು. ನಾನು ಮತ್ತೆ ಹಾಡಿದೆ, ಈ ಸಲ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ. ಕಾಫಿ ಎಂಬಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಸಭೆಯಲ್ಲಿ ಕೂತಿದ್ದ ಮೈಥಿಲಿ ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

"ಅರ್ಥ ಹೇಳ್ರಿ," ಎಂದರು ಬಂಗಾರೆವ್ವ. "ಯಾಕ ಸುಮ್ಕ ಕುಂತ್ರಿ? ನಮಗೂ ತಿಳೀಲಿ."

"ಇದು... ಇದು ಪ್ರಕ್ಷಿಪ್ತ," ಎಂದರು ಶೇಷಾದ್ರಿ. "ಯಾರೋ ನಡುವೆ ಸೇರಿಸಿದ್ದು. ಮೂಲದಲ್ಲಿ ಇಲ್ಲ."

"ಹಂಗಾರ ಮೂಲದಾಗಿನ ಮುಂದಿನ ಪದ ನೀವಽ ಹಾಡ್ರಲ್ಲ ಮತ್ತ! ಕೇಳ್ತೀವಿ."

ಮುಂದಿನ ಪದ ಅವರಲ್ಲಿರಲಿಲ್ಲ. ಮೂರನೆಯ ಸಲ ಹಾಡಿದೆ. ನನ್ನ ಗಂಟಲು ಆವತ್ತಿನಷ್ಟು ಚೆನ್ನಾಗಿ ಎಂದೂ ಹೊರಟಿರಲಿಲ್ಲ. ಹಾಡಿ ಮುಗಿಸಿದಾಗ ಅವರು ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡರು.

"ಅರ್ಥ," ಎಂದರು, "ಸ್ಪಷ್ಟವಾಗಿದೆ."

ಎದ್ದು ಹೋದರು. ಮೈಕು ಆರಿಸುವುದನ್ನು ಮರೆತಿದ್ದರಿಂದ ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೆ ಸಭೆಗೆಲ್ಲ ಕೇಳಿಸಿತು.

ಮರುದಿನ ನಾನು ಹೋಳಿಗೆ ಮಾಡಿದೆ. ಜಯರಾಮ್ ಎರಡು ತಿಂದು, "ಅವರ ಮರ್ಯಾದೆ ತೆಗೆದ್ಯಲ್ಲೇ," ಎಂದರು. ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ. ಅಕ್ಷಯಾ, "ಅಮ್ಮಾ, ದಟ್ ವಾಸ್ ಬ್ರೂಟಲ್," ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ಒಡೆಲ್‌ಗೆ ಡಬ್ಬಿಯಲ್ಲಿ ನಾಲ್ಕು ಒಯ್ದೆ. ಅವನು ಮೇಜು ಕುಟ್ಟಿ ನಕ್ಕ, ಬಂಗಾರೆವ್ವನ ಮಾತನ್ನು ಎರಡು ಸಲ ಹೇಳಿಸಿದ. ಕಣ್ಣೊರೆಸಿಕೊಂಡ ಮೇಲೆ ಕೇಳಿದ: "ಸರಿ. ಇನ್ನು ಹೆನ್ಸನ್ ಕಥೆ? ಅದು ಯಾವಾಗ ಬರುತ್ತೆ?"

ನಾನು ಡಬ್ಬಿ ತೊಳೆಯಲು ಎದ್ದೆ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಶೇಷಾದ್ರಿ ಲ್ಯಾಬಿಗೇ ಬಂದರು. ಕಟ್ಟಡದ ಹಿಂದೆ ಕೊಲ್ಲಿಯ ನೀರಿಗೆ ಮುಖ ಮಾಡಿದ ಬೆಂಚಿನಲ್ಲಿ ನಾವು ಊಟಕ್ಕೆ ಕೂತಿದ್ದೆವು. ಅವರನ್ನು ಕಂಡು ಒಡೆಲ್ ತನ್ನ ತಟ್ಟೆ ಎತ್ತಿಕೊಂಡು ಪಕ್ಕದ ಬೆಂಚಿಗೆ ಹೋದ. ಶೇಷಾದ್ರಿ ಇಳಿದುಹೋಗಿದ್ದರು. ಕನ್ನಡದವರ ಇಮೇಲಿನಲ್ಲಿ ಮೂರು ವಾರ ಅವರದೇ ಮಾತಾಗಿತ್ತು. ಅರ್ಥ ಹೇಳಲು ಎಲ್ಲಿಯೂ ಕರೆ ಬಂದಿರಲಿಲ್ಲ.

"ಪುಸ್ತಕ ಎಲ್ಲ ವಾಪಸ್ ತರಿಸ್ದೆ," ಎಂದರು. ಗಾಳಿಗೆ ಅವರ ಮಾತು ಹಾರಿಹೋಗುತ್ತಿತ್ತು. ಹತ್ತಿರ ಬಂದು ಬೆಂಚಿನ ತುದಿಯಲ್ಲಿ ಕೂತರು. "ಹೊಸದಾಗಿ ಮಾಡಿಸ್ತೀನಿ. ನಿಮ್ಮ ಹೆಸರು ಮಾತ್ರ. ನನ್ ಹೆಸರು ಎಲ್ಲೂ ಬೇಡ, ಆರನೇ ಪೇಜಲ್ಲೂ ಬೇಡ. ಹೆಜ್ಜೆ ನೀವು ಹಾಡಿದ ಹಾಗೇ. ನಾಲ್ಕು ಜನರ ಹೆಸರೂ ಹಾಗೇ."

ಜೋಳಿಗೆಯಿಂದ ಹಾಳೆಗಳನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ನೂರಾ ಎಂಟೂ ಇದ್ದವು. ಒಂದೊಂದನ್ನೂ ನೋಡಿದೆ. ಎಲ್ಲ ಮೊದಲಿನಂತೆ ಆಗಿದ್ದವು. ಮೇಲೆ, ಮೊದಲ ಹಾಳೆಯಲ್ಲಿ, ನನ್ನ ಹೆಸರು.

"ಮೈಥಿಲಿ ನನ್ನ ಹತ್ರ ಸರಿಯಾಗಿ ಮಾತಾಡಿ ಒಂದು ತಿಂಗಳಾಯ್ತು," ಎಂದರು. "ಅದಕ್ಕೋಸ್ಕರ ಬಂದಿಲ್ಲ. ನಾನು ಚಿಕ್ಕೋನಿಂದ ಇದನ್ನೇ ಕೇಳ್ತಾ ಬೆಳೆದೋನು. ಇಂಥ ಪದ್ಯ ಕಟ್ಟೋಕೆ ನನ್ ಕೈಲಿ ಆಗ್ಲಿಲ್ಲ. ಒಂದು ಸಲಾನೂ ಆಗ್ಲಿಲ್ಲ."

ಅದು ನಿಜವೆಂದು ನನಗೆ ಗೊತ್ತಿತ್ತು. ಅವರ ಕಿವಿ ಒಳ್ಳೆಯದು. ನಾನು ಹಾಡುವಾಗ ಅವರ ಕಣ್ಣು ತುಂಬಿದ್ದನ್ನೂ ನೋಡಿದ್ದೆ. ಆ ಕಣ್ಣೀರಿನಲ್ಲಿಯೇ ಅವರು ಹೆಸರು ಬದಲಾಯಿಸಿದರು.

"ಮರಳಿ ಬಂದ ಭಾಗ," ಎಂದರು. "ಇನ್ನೂ ಇದೆ ಅಲ್ವಾ? ನೀವು ಎರಡೋ ಮೂರೋ ಹಾಡಿದ್ರಿ. ಅದು ನನ್ ತಲೇಲಿ ದಿನಾ ಕೊರೀತಿದೆ. ಅದಿಲ್ದೆ ಪುಸ್ತಕ ಅರ್ಧ. ಅದಿಲ್ದೆ ಅವನು ಹಿಮದಲ್ಲೇ ನಿಂತಿರ್ತಾನೆ."

ಪಕ್ಕದ ಬೆಂಚಿನಲ್ಲಿ ಒಡೆಲ್ ನೀರು ನೋಡುತ್ತಿದ್ದ. ಕನ್ನಡ ಅವನಿಗೆ ಬಾರದು, ಆದರೆ ಏನು ಕೇಳುತ್ತಿದ್ದಾರೆಂದು ತಿಳಿದಿತ್ತು. ನಾನು ಕೊಟ್ಟರೆ ಅವನಿಗೆ ಸಂತೋಷವಾಗುತ್ತದೆ. ಹೆನ್ಸನ್ ಎಂಬ ಹೆಸರು ನನ್ನ ಭಾಷೆಯ ಅಚ್ಚಿನಲ್ಲಿ ನಿಲ್ಲುತ್ತದೆ. ನನ್ನ ಹೆಸರು ಅದರ ಮೇಲೆ ನಿಲ್ಲುತ್ತದೆ. ನಾನು ಕೇಳಿದ್ದೆಲ್ಲ ನನ್ನ ತೊಡೆಯ ಮೇಲೆ ಹಾಳೆಯಾಗಿ ಕೂತಿತ್ತು, ಗಾಳಿಗೆ ಹಾರದಂತೆ ನಾನೇ ಅಂಗೈಯಿಂದ ಒತ್ತಿ ಹಿಡಿದಿದ್ದೆ.

ಆ ಮೂವತ್ತನ್ನೂ ನಾನು ದಿನ ಬೆಳಗ್ಗೆ ದೇವರ ಮುಂದೆ ಹಾಡುತ್ತೇನೆ. ದೇವರು ಕೇಳಿದ್ದಾನೆ. ಬೇರೆ ಯಾರಾದರೂ ಬಂದು, ಅಕ್ಷಯಾ ಆಗಲಿ ಮತ್ತೊಬ್ಬರಾಗಲಿ, ಕೂತು ಕೇಳಿದರೆ ಹೇಳಿಯೇನು. ಯಾರೂ ಬಾರದೆ ನನ್ನ ಜೊತೆಗೇ ಹೋಗಬಹುದು. ಅದನ್ನೂ ಯೋಚಿಸಿದೆ. ಯೋಚಿಸುತ್ತ, ಹೆಜ್ಜೆಯನ್ನು ಬದಲಾಯಿಸಿದ್ದ ಶೇಷಾದ್ರಿಯವರ ಬೆರಳುಗಳನ್ನು ನೋಡಿದೆ. ಬಿಳಿಯ ಹಾಳೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡಾಗಿತ್ತು, ಪೆನ್ನಿನ ಮುಚ್ಚಳ ಬಿಚ್ಚಿಯಾಗಿತ್ತು.

"ಒಂದೇ ಒಂದು ಸಲ ಹಾಡಿ ಸಾಕು," ಎಂದರು. "ಕೈ ಮುಗಿತೀನಿ ತಾಯಿ. ಬರ್ಕೊಂಡು ಹೋಗ್ಬಿಡ್ತೀನಿ."

"ಇಲ್ಲ," ಎಂದೆ. "ಹಾಡೋದಿಲ್ಲ."